ಹಾಲು ಬಿಡಬೇಕಾದವರು ಯಾರು – ತಾಯಿಯೋ, ಕೂಸೋ?

ಬಾಣಂತನ ಎಂದರೆ ನಮ್ಮ ಮನೆಗಳಲ್ಲಿ ಹಾಲು-ತುಪ್ಪದ ಆರೈಕೆ. ಬೆಳಗ್ಗೆ ಎದ್ದೊಡನೆ ಲೋಟ ತುಂಬ ಬಿಸಿ ಹಾಲು, ಊಟಕ್ಕೆ ಮೆಣಸಿನ ಸಾರು, ಅನ್ನದ ಮೇಲೆ ಧಾರಾಳವಾಗಿ ತುಪ್ಪ. ಅಮ್ಮಂದಿರ ಈ ಪ್ರೀತಿಗೆ ಬೆಲೆ ಕಟ್ಟಲಾದೀತೇ? ಆದರೂ ಎಲ್ಲೋ ಕೆಲವು ಕೂಸುಗಳಿಗೆ ಈ ಆರೈಕೆಯೇ ಒಗ್ಗುವುದಿಲ್ಲ.

ಕೂಸಿನ ಮಲದಲ್ಲಿ ಲೋಳೆ, ನಡುನಡುವೆ ರಕ್ತದ ಎಳೆ, ಮತ್ತೆ ಮತ್ತೆ ವಾಂತಿ, ಮೈಮೇಲೆ ಕಜ್ಜಿ – ಇವು ಕಂಡಾಗ ಮನೆಯಲ್ಲಿ ಮೊದಲು ಬರುವ ಮಾತೇನು ಗೊತ್ತಲ್ಲ? "ನಿನ್ನ ಹಾಲು ಮಗೂಗೆ ಆಗ್ತಿಲ್ಲ ಕಣಮ್ಮ, ಡಬ್ಬಿ ಹಾಲು ಹಾಕು." ಪಾಪ, ಹಸಿ ಬಾಣಂತಿ ಈ ಮಾತು ಕೇಳಿ ಕಣ್ಣೀರು ಹಾಕುತ್ತಾಳೆ.

ಸೋದರಿ, ನಿಮ್ಮ ಹಾಲಿನಲ್ಲಿ ದೋಷವಿಲ್ಲ. ನೀವು ಕುಡಿದ ಹಸುವಿನ ಹಾಲಿನ ಪ್ರೋಟೀನು ತುಸುಮಟ್ಟಿಗೆ ಎದೆಹಾಲಿಗೂ ಇಳಿಯುತ್ತದೆ. ಕೆಲವು ಕೂಸುಗಳ ಕರುಳು ಅದನ್ನು ಸಹಿಸದು. ಡಬ್ಬಿಯ ಪುಡಿ ತಯಾರಾಗುವುದೂ ಸಾಮಾನ್ಯವಾಗಿ ಹಸುವಿನ ಹಾಲಿನಿಂದಲೇ! ಹಾಗಾಗಿ ಹಾಲು ಬಿಡಬೇಕಾದವರು ನೀವು, ಕೂಸಲ್ಲ. ಎದೆಹಾಲನ್ನು ನಿಲ್ಲಿಸಬೇಡಿ.

ಹಾಗೆಂದು ಅಳುವ ಕೂಸಿಗೆಲ್ಲ ಇದೇ ಕಾರಣ ಎಂದುಕೊಂಡು ಸುಮ್ಮನೆ ಪಥ್ಯ ಹಿಡಿಯಬೇಡಿ. ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ಅವರು ಹೌದೆಂದರೆ ಎರಡರಿಂದ ನಾಲ್ಕು ವಾರ ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ಪನೀರು, ಖೋವಾ ಎಲ್ಲವನ್ನೂ ಪೂರ್ತಿ ಬಿಡಿ. ತುಪ್ಪದಲ್ಲೂ ಹಾಲಿನ ಅಂಶ ಉಳಿದಿರಬಹುದು. ಆ ಕೆಲವು ವಾರ ಅದೂ ಬೇಡ. ಎಮ್ಮೆ ಹಾಲು, ಮೇಕೆ ಹಾಲು ಪರ್ಯಾಯವಲ್ಲ. ಅವುಗಳ ಪ್ರೋಟೀನೂ ಹೆಚ್ಚುಕಡಿಮೆ ಅದೇ ಬಗೆಯದು.

ಕೆಲವು ಕೂಸುಗಳಿಗೆ ಸೋಯಾ ಕೂಡ ಆಗದು. ವೈದ್ಯರು ಅದನ್ನೂ ಬಿಡಿ ಎಂದರೆ ಪಲಾವು, ಸಾಗುವಿಗೆ ಹಾಕುವ ಸೋಯಾ ಉಂಡೆ, ಸೋಯಾ ಬೆರೆಸಿದ ಚಪಾತಿ ಹಿಟ್ಟು, ಗೋಬಿ ಮಂಚೂರಿಗೆ ಸುರಿಯುವ ಸೋಯಾ ಸಾಸು ದೂರವಿರಲಿ. ಬಿಸ್ಕತ್ತು, ಬ್ರೆಡ್ಡು, ಚಾಕೊಲೇಟು, ಹಾಲಿಗೆ ಬೆರೆಸುವ ಶಕ್ತಿಪುಡಿಗಳಲ್ಲಿ ಹಾಲೂ ಸೋಯಾವೂ ಅಡಗಿರುವುದುಂಟು. ಪೊಟ್ಟಣದ ಹಿಂಬದಿ ಓದಿ: ಮಿಲ್ಕ್, ವೇ, ಕೇಸೀನ್ ಎಂದಿದ್ದರೆ ಹಾಲು, ಸೋಯ್ ಎಂದಿದ್ದರೆ ಸೋಯಾ.

"ಹಾಲಿಲ್ಲದೆ ಬಾಣಂತಿಗೆ ಶಕ್ತಿ ಎಲ್ಲಿಂದ?" ಎಂದು ಅತ್ತೆಯವರು ಕೇಳಿಯೇ ಕೇಳುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಹಾಲೂಡಿಸುವ ತಾಯಿಗೆ ದಿನಕ್ಕೆ 1200 ಮಿಲಿಗ್ರಾಂ ಸುಣ್ಣಾಂಶ ಬೇಕು. ಆದರೆ ನಮ್ಮ ರಾಗಿ ಇದೆಯಲ್ಲ! 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಅಷ್ಟೇ ನುಗ್ಗೆಸೊಪ್ಪಿನಲ್ಲಿ 300ಕ್ಕೂ ಹೆಚ್ಚು. ಎಳ್ಳಿನಲ್ಲೂ ಬೇಕಾದಷ್ಟಿದೆ. ತೊಗರಿ, ಹೆಸರು, ಕಡಲೆ, ಒಗ್ಗುವವರಿಗೆ ಮೊಟ್ಟೆ, ಮೀನು ಇರಲಿ. ಸಾಲದೆಂದು ಕಂಡರೆ ವೈದ್ಯರು ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ, ನೀವಾಗಿಯೇ ಕೇಳಿ.

ಬೆಳಗಿನ ಹಾಲಿನ ಬದಲಿಗೆ ಈ ಗಂಜಿ ಮಾಡಿ ನೋಡಿ. ಎರಡು ದೊಡ್ಡ ಚಮಚ ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಕುದಿಯುವ ಒಂದೂವರೆ ಲೋಟ ನೀರಿಗೆ ಹಾಕಿ, ಗಂಟಾಗದಂತೆ ತಿರುವುತ್ತ ಬೇಯಿಸಿ. ಬೆಲ್ಲ, ಹುರಿದ ಎಳ್ಳಿನ ಪುಡಿ ಒಂದು ಚಮಚ, ಏಲಕ್ಕಿ ಸೇರಿಸಿ. ಇಳಿಸಿದ ಮೇಲೆ ಅರ್ಧ ಲೋಟ ತೆಂಗಿನಹಾಲು ಬೆರೆಸಿ, ಬಿಸಿಯಾಗಿ ಕುಡಿಯಿರಿ.

ಕೂಸು ಸುಧಾರಿಸಿದರೆ, ವೈದ್ಯರನ್ನು ಕೇಳಿ ಮತ್ತೆ ಹಾಲು ಕುಡಿದು ನೋಡಬೇಕು. ತೊಂದರೆ ಮರುಕಳಿಸಿದರೆ ಕಾರಣ ಅದೇ ಎಂದು ಖಾತ್ರಿ. ಮರುಕಳಿಸದಿದ್ದರೆ ಪಥ್ಯವೇ ಬೇಡ. ಪಥ್ಯ ಹಿಡಿದರೂ ಗುಣ ಕಾಣದಿದ್ದರೆ ಬೇರೆ ಕಾರಣ ಹುಡುಕಬೇಕು, ಉಪವಾಸ ಹೆಚ್ಚಿಸುವುದಲ್ಲ.

ಕೂಸು ಮಂಕಾಗಿ ಹಾಲು ಬಿಟ್ಟರೆ, ಮುಖ ಊದಿದರೆ, ಉಸಿರಾಟ ಕಷ್ಟವಾದರೆ, ರಕ್ತ ಹೆಚ್ಚಾಗಿ ಹೋದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೊರಡಿ.

ಹೆಚ್ಚಿನ ಮಕ್ಕಳಿಗೆ ಬೆಳೆಯುತ್ತ ಬೆಳೆಯುತ್ತ ಇದು ತಾನಾಗಿ ಹೋಗುತ್ತದೆ. ನಿಮ್ಮ ಮಗುವೂ ಮುಂದೊಂದು ದಿನ ಮೊಸರನ್ನಕ್ಕೆ ಹಟ ಮಾಡೀತು. ಅಲ್ಲಿಯವರೆಗೆ ಯಾರು ಏನೇ ಅನ್ನಲಿ, ಮಡಿಲಿನ ಕೂಸಿಗೆ ನಿಮ್ಮ ಹಾಲನ್ನು ತಪ್ಪಿಸಬೇಡಿ.