ಬೆಚ್ಚನೆಯ ನೊರೆ

ಕ್ಷೌರದ ಬಟ್ಟಲನ್ನು ಕುರಿತು ಸಾಹಿತ್ಯದ ಪುಟದಲ್ಲಿ ಬರೆಯಹೊರಟ ಕನ್ನಡ ಮೇಷ್ಟರನ್ನು ಕಂಡು ವಾಚಕರು ನಗಬಹುದು. ನಗಲಿ; ಹೇಳಬೇಕಾದ ಮಾತೊಂದಿದೆ.

19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಕ್ಷೌರಕ್ಕೆಂದೇ ಮಾಡಿದ ಪಿಂಗಾಣಿಯ ಪಾತ್ರೆಗಳಿದ್ದುವು. ಒಳಗೆ ಬಿಸಿನೀರು, ಮೇಲೆ ಸಾಬೂನು, ಕುಂಚವನ್ನು ಅದ್ದಲು ಅಗಲವಾದ ಮೂತಿ. ಇಂದು ದೊರೆಯುವ ಎರಡು ಗೋಡೆಯ ಬಟ್ಟಲು ಅದರ ವಂಶದ್ದೇ. ಗೋಡೆಗಳ ನಡುವೆ ಬಿಸಿನೀರು ತುಂಬಿದರೆ ಒಳಗಿನ ನೊರೆ ಕೊನೆಯವರೆಗೂ ಬೆಚ್ಚಗಿರುತ್ತದೆ. 1904ರಲ್ಲಿ ಅಮೆರಿಕದ ಜಿಲೆಟ್ ಎಂಬಾತ ತನ್ನ ರೇಜರಿಗೆ ಪೇಟೆಂಟ್ ಪಡೆದ. ಅಂಥ ರೇಜರುಗಳಿಂದ ಕ್ಷೌರವು ಮೆಲ್ಲಮೆಲ್ಲನೆ ಮನೆಯ ನಿತ್ಯಕರ್ಮವಾಯಿತು. ಡಬ್ಬಿಯ ನೊರೆ ಬಂದಮೇಲೆ ಅವಸರದ ಕರ್ಮವೂ ಆಯಿತು. ಬಿಸಿಬಟ್ಟಲು ಷೋಕಿಯ ವಸ್ತುವೆನಿಸಿತು. ನಾನೂ ಹಾಗೆಯೇ ಎಣಿಸಿದ್ದೆ.

ಮೂರು ವರ್ಷದ ಹಿಂದೆ ನನ್ನ ತಂದೆಯವರಿಗೆ ಪಾರ್ಶ್ವವಾಯು ತಗಲಿ ಬಲಗೈಯೂ ಮಾತೂ ಹೋದುವು. ಅವರ ಮುಖಕ್ಷೌರ ನನ್ನ ಪಾಲಿಗೆ ಬಂದಿತು. ಕಾಲೇಜಿಗೆ ಹೊತ್ತಾಗುತ್ತದೆಂದು ನಲ್ಲಿಯ ತಣ್ಣೀರಿನಲ್ಲೇ ನೊರೆಯೆಬ್ಬಿಸಿ ಬಳಿದೆ. ಅವರು ಥಟ್ಟನೆ ಮುಖ ತಿರುಗಿಸಿದರು. ಸರಿಯಾಗಿ ನೆನೆಯದ ಬಿರುಸು ಗಡ್ಡವನ್ನು ಅಲಗು ಕತ್ತರಿಸುವ ಬದಲು ಎಳೆಯಿತು. ಅವರ ಕಣ್ಣಲ್ಲಿ ನೀರು ಕಂಡು ಕೈ ತಡೆದೆ.

ಮನೆಯಲ್ಲಿ ಷೋಕಿಯ ಬಟ್ಟಲೇನೂ ಇರಲಿಲ್ಲ. ಮರುದಿನ ಅಗಲವಾದ ಬೋಗುಣಿಗೆ ಬಿಸಿನೀರು ಹಾಕಿ, ಅದರೊಳಗೆ ಸ್ಟೀಲಿನ ಬಟ್ಟಲನ್ನಿಟ್ಟೆ. ಬಿಸಿ ಬಟ್ಟೆಯಿಂದ ಗಡ್ಡವನ್ನು ಎರಡು ಮೂರು ನಿಮಿಷ ನೆನೆಸಿದೆ. ಕೂದಲನ್ನು ಮೆತ್ತಗೆ ಮಾಡುವುದು ನೀರು. ಬಿಸಿ ಆ ಕೆಲಸವನ್ನು ಚುರುಕುಗೊಳಿಸುತ್ತದೆ. ಬಟ್ಟಲು ಮಾಡುವುದಿಷ್ಟೇ: ಎರಡನೆಯ ಸಲ ಬಳಿಯುವಾಗಲೂ ನೊರೆ ಆರಿರದಂತೆ ಕಾಯುತ್ತದೆ. ಬಿಸಿ ಅತಿಯಾದರೆ ನೊರೆ ಬೇಗ ಒಣಗುತ್ತದೆ, ಚರ್ಮವೂ ಉರಿಯುತ್ತದೆ, ಕುದಿನೀರು ಸಲ್ಲದು. ಮೊದಲು ನನ್ನ ಕೆನ್ನೆಗೆ ಹಚ್ಚಿ ನೋಡಿ ಆಮೇಲೆ ಅವರಿಗೆ ಹಚ್ಚಿದೆ. ತಂದೆಯವರು ಕಣ್ಣು ಮುಚ್ಚಿ, ಗಲ್ಲವನ್ನು ತಾವಾಗಿಯೇ ಮೇಲೆತ್ತಿದರು.

ತನ್ನ ಮುಖವನ್ನು ತಾನೇ ಹೆರೆದುಕೊಳ್ಳುವಾಗ ಅವಸರಪಡುವ ಹಕ್ಕು ಎಲ್ಲರಿಗೂ ಉಂಟು. ಇನ್ನೊಬ್ಬರ ಮೈಯನ್ನು ಮುಟ್ಟುವಾಗ ಅದಿಲ್ಲ. ಹಾಸಿಗೆ ಹಿಡಿದವರಿಗೆ ಕ್ಷೌರ ಮಾಡುವ ಮನೆಗಳಲ್ಲಿ, ಆಸ್ಪತ್ರೆಗಳಲ್ಲಿ ಬಿಸಿನೀರಿನ ಬೋಗುಣಿ ಷೋಕಿಯಲ್ಲ, ಮರ್ಯಾದೆ ಎಂಬುದು ನನ್ನ ಅಭಿಪ್ರಾಯ.

ತಂದೆಯವರು ಹೋಗಿ ವರ್ಷವಾಯಿತು. ಆ ಸ್ಟೀಲಿನ ಬಟ್ಟಲು ಬಚ್ಚಲುಮನೆಯ ಗೂಡಿನಲ್ಲಿದೆ. ಅವಸರದ ದಿನವೂ ಬಿಸಿನೀರಿಲ್ಲದೆ ನಾನು ಅದನ್ನು ಮುಟ್ಟುವುದಿಲ್ಲ.