ವಾಹನ ನಿಲುಗಡೆಗೂ ಒಂದು ಸವಕಳಿ ಲೆಕ್ಕ

ಮುಂಬಯಿಯ ಸಹಕಾರಿ ಗೃಹನಿರ್ಮಾಣ ಸಂಘಗಳ ವಾರ್ಷಿಕ ಸಭೆಗಳಲ್ಲಿ ಚರ್ಚೆ ಬಹುಬೇಗ ಕಾವೇರುವುದು ವಾಹನ ನಿಲ್ಲಿಸುವ ಸ್ಥಳದ ವಿಚಾರದಲ್ಲಿ. ಯಾರ ಕಾರು ಎಲ್ಲಿ ನಿಲ್ಲಬೇಕು, ಬಾಡಿಗೆದಾರನಿಗೆ ಹಕ್ಕುಂಟೆ, ಎರಡನೆಯ ಗಾಡಿಗೆ ಶುಲ್ಕವೆಷ್ಟು ಎಂಬ ವಾದದಲ್ಲೇ ಸಂಜೆ ಕಳೆದುಹೋಗುತ್ತದೆ. ಆ ಕಾರುಗಳ ನಡುವೆ ನಿಂತು ಏಳೆಂಟು ಅಂತಸ್ತುಗಳನ್ನು ಹೊತ್ತಿರುವ ಕಂಬಗಳ ಸ್ಥಿತಿಯೇನೆಂದು ಕೇಳುವವರು ವಿರಳ.

ಗೋಡೆಗಳಿಲ್ಲದ ಈ ನೆಲಮಹಡಿಗೆ ಹವೆಯ ಪೆಟ್ಟು ಹೆಚ್ಚು. ಮಳೆಗಾಲದ ಎರಚಲು, ಸಮುದ್ರದ ಉಪ್ಪುಗಾಳಿ, ಮೇಲಿನ ಬಚ್ಚಲುಗಳಿಂದ ಜಿನುಗುವ ನೀರು, ಪ್ರತಿನಿತ್ಯ ಕಾರು ತೊಳೆದು ಕಂಬದ ಬುಡಕ್ಕೆ ಸುರಿಯುವ ಬಕೆಟ್ಟುಗಳು, ಇವೆಲ್ಲದರ ತೇವ ಕ್ರಮೇಣ ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಹೆಚ್ಚು ಸ್ಥಳವನ್ನು ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಬಿರಿಯುತ್ತದೆ. ಅಂತಹ ಬಿರುಕಿಗೆ ಸಿಮೆಂಟು ಮೆತ್ತಿ ಬಣ್ಣ ಬಳಿಸುವುದು ಜ್ವರ ಬಂದವನ ಮುಖಕ್ಕೆ ಪೌಡರು ಹಚ್ಚಿದಂತೆ. ಇಂತಹ ಸಂಚಿಕೆಗಳಲ್ಲಿ ರಕ್ತದೊತ್ತಡದ ಲೇಖನವನ್ನೋದಿ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಳ್ಳುವ ಗೃಹಸ್ಥರೂ ಕಂಬಗಳಿಗೆ ಆ ದಯೆ ತೋರುವುದಿಲ್ಲ.

ಅಮೆರಿಕದ ಫ್ಲಾರಿಡಾ ರಾಜ್ಯದ ಸರ್ಫ್‌ಸೈಡ್‌ನಲ್ಲಿ 2021ರ ಜೂನ್ 24ರಂದು 12 ಅಂತಸ್ತಿನ ವಸತಿ ಕಟ್ಟಡವೊಂದರ ಬಹುಭಾಗ ಕುಸಿದು 98 ಜನ ಮೃತರಾದರು. ಮೊದಲು ಕುಸಿದದ್ದು ಈಜುಕೊಳದ ಅಂಗಳ; ಅದರ ಕೆಳಗಿದ್ದುದು ಕಾರುಗಳ ನೆಲಮಾಳಿಗೆ. ಮೂಲ ವಿನ್ಯಾಸದಲ್ಲೂ ದೋಷಗಳಿದ್ದುದನ್ನು ತನಿಖೆ ಕಂಡುಕೊಂಡಿದೆ. ಆದರೆ ನೀರು ತಡೆಯುವ ಪದರ ಕೆಟ್ಟು ಕಾಂಕ್ರೀಟು ಹಾಳಾಗುತ್ತಿದೆಯೆಂಬ ಎಂಜಿನಿಯರರ ವರದಿ 2018ರಲ್ಲೇ ನಿವಾಸಿಗಳ ಕೈಸೇರಿತ್ತು. ಸದಸ್ಯರಿಂದ ಸುಮಾರು 1.5 ಕೋಟಿ ಡಾಲರು ವಸೂಲು ಮಾಡುವ ನಿರ್ಣಯವಾದದ್ದು 2021ರಲ್ಲಿ.

ಯಂತ್ರಗಳಿಗೆ ಸವಕಳಿ ತೋರಿಸದ ವ್ಯಾಪಾರಿಯ ಅಢಾವೆ ಪತ್ರಿಕೆಯನ್ನು ಯಾವ ಬ್ಯಾಂಕೂ ನಂಬುವುದಿಲ್ಲ. ಕಟ್ಟಡದ ವಿಷಯದಲ್ಲಿ ಅದೇ ವಿವೇಕ ಮಹಾರಾಷ್ಟ್ರದ ಮಾದರಿ ಉಪವಿಧಿಗಳಲ್ಲಿದೆ: ಫ್ಲ್ಯಾಟಿನ ನಿರ್ಮಾಣ ವೆಚ್ಚದ ಮೇಲೆ ವರ್ಷಕ್ಕೆ ಕನಿಷ್ಠ ಶೇ. 0.25 ಸಿಂಕಿಂಗ್ ಫಂಡಿಗೆ, ಕನಿಷ್ಠ ಶೇ. 0.75 ದುರಸ್ತಿ ನಿಧಿಗೆ. ತೊಡಕಿರುವುದು ವೆಚ್ಚ ಹಳೆಯದೆಂಬಲ್ಲಿ. 1985ರಲ್ಲಿ 40 ಲಕ್ಷ ರೂಪಾಯಿಗಳಲ್ಲಿ ಕಟ್ಟಿದ 24 ಮನೆಗಳ ಕಟ್ಟಡವೆಂದು ಭಾವಿಸಿದರೆ, ಎರಡೂ ನಿಧಿಗೆ ಸೇರಿ ವರ್ಷಕ್ಕೆ 40,000 ರೂಪಾಯಿ. ಮನೆಯೊಂದಕ್ಕೆ ತಿಂಗಳಿಗೆ 140 ರೂಪಾಯಿಯೂ ಆಗದು. ಇಂದಿನ ದರಗಳ ಮುಂದೆ ಇದು ಏತಕ್ಕೂ ಸಾಲದು. ಉಪವಿಧಿಯ ‘ಕನಿಷ್ಠ’ವನ್ನು ‘ಗರಿಷ್ಠ’ವೆಂದು ಓದುವ ಅಭ್ಯಾಸ ಹೇಗೋ ಬೆಳೆದುಬಂದಿದೆ. ಕೊನೆಗೊಂದು ದಿನ ಮನೆಗೆ ಎರಡು ಲಕ್ಷ ಕೊಡಿರೆಂಬ ಸುತ್ತೋಲೆ ಬಂದಾಗ ತತ್ತರಿಸುವವರು, ಊರು ಬಿಟ್ಟು ಬಂದು ನೌಕರಿ ಮುಗಿಸಿ ಪಿಂಚಣಿಯಲ್ಲಿ ಬಾಳುತ್ತಿರುವ ಡೊಂಬಿವಿಲಿ, ಮುಲುಂಡಗಳ ಹಿರಿಯ ಕನ್ನಡಿಗರು.

“ಕಾರೇ ಇಲ್ಲದವನು ಏಕೆ ಕೊಡಬೇಕು?” ಎಂಬ ಪ್ರಶ್ನೆ ಆಗ ಬಂದೇ ಬರುತ್ತದೆ. ಕಾರು ನಿಲ್ಲುವ ಸ್ಥಳದ ಕಂಬವೇ ಅವನ ಅಡಿಗೆಮನೆಯನ್ನೂ ಹೊತ್ತಿದೆ. ಅಂತಹ ತೆರೆದ ನೆಲಮಹಡಿ ಎಲ್ಲರಿಗೂ ಸೇರಿದ ಭಾಗ, ಕಟ್ಟಿದವನು ಬೇರೆಯಾಗಿ ಮಾರುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲೇ ತೀರ್ಪಿತ್ತಿದೆ. ಆದರೆ ಕಾರುಳ್ಳವರು ತೆರುವ ನಿಲುಗಡೆ ಶುಲ್ಕ ಕಾವಲುಗಾರನ ಸಂಬಳದಲ್ಲೋ ಗಣೇಶೋತ್ಸವದ ದೀಪಾಲಂಕಾರದಲ್ಲೋ ಕರಗದೆ ಅದೇ ಅಂತಸ್ತಿನ ದುರಸ್ತಿಗೆ ಪ್ರತ್ಯೇಕ ಖಾತೆಯಲ್ಲಿ ಉಳಿಯುವುದು ನ್ಯಾಯ.

ಕೆಲಸದ ಕ್ರಮವೂ ಕಠಿಣವಲ್ಲ. ಮೇ ತಿಂಗಳಲ್ಲಿ ಮೋರಿ, ಕೊಳವೆಗಳ ಶುದ್ಧಿ. ನಿಂತ ನೀರು ಹೋದರೆ ಡೆಂಗಿಯ ಸೊಳ್ಳೆಯೂ ಹೋಗುತ್ತದೆ. ಮಳೆ ನಿಂತ ಅಕ್ಟೋಬರಿನಲ್ಲಿ ಪ್ರತಿ ಕಂಬ, ತೊಲೆಯ ಪರೀಕ್ಷೆ, ಬಿರುಕಿನ ಪಕ್ಕದಲ್ಲೇ ತಾರೀಖು. 15 ವರ್ಷ ದಾಟಿದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, 30 ದಾಟಿದರೆ 3 ವರ್ಷಕ್ಕೊಮ್ಮೆ ಎಂಜಿನಿಯರರ ತಪಾಸಣೆ ಉಪವಿಧಿಯಲ್ಲೇ ಇದೆ. ಮೊದಲು ಸೋರಿಕೆ ನಿಲ್ಲಬೇಕು, ಅನಂತರ ಕಾಂಕ್ರೀಟಿನ ಕೆಲಸ. ಅರ್ಧ ಭಾಗವನ್ನು ಒಂದು ವರ್ಷ, ಉಳಿದರ್ಧವನ್ನು ಮರುವರ್ಷ ಎತ್ತಿಕೊಂಡರೆ ಕೆಲವು ಕಾರುಗಳು ಕೆಲವು ವಾರ ರಸ್ತೆಯಲ್ಲಿ ನಿಲ್ಲಬೇಕಾದೀತು, ಅಷ್ಟೆ.