ಸೇನಾ ವಿಮಾನನೆಲೆಯ ರೇಡಿಯೊ ಮಾತು: ಆಲಿಸಿದರೆ ಅಪರಾಧವೇ?

ಹುಬ್ಬಳ್ಳಿಯಿಂದ ಅಂಕೋಲೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿಯ ಮೇಲಿರುವ ಕಲಘಟಗಿಯಲ್ಲಿ ವಿಮಾನ ನಿಲ್ದಾಣವಿಲ್ಲ. ಆದರೆ ಅದರ ಆಕಾಶ ಮೌನವಾಗಿಲ್ಲ. ನೇರ ಗೆರೆಯಲ್ಲಿ ಅಳೆದರೆ ಸುಮಾರು 25 ಕಿ.ಮೀ. ದೂರದಲ್ಲಿ ಹುಬ್ಬಳ್ಳಿ ವಿಮಾನ ನಿಲ್ದಾಣ, ಸುಮಾರು 85 ಕಿ.ಮೀ. ದೂರದಲ್ಲಿ ಬೆಳಗಾವಿಯ ಸಾಂಬ್ರಾ ವಾಯುಪಡೆ ನೆಲೆ, ಪಶ್ಚಿಮಕ್ಕೆ ಸುಮಾರು 125 ಕಿ.ಮೀ. ದೂರದಲ್ಲಿ ಗೋವೆಯ ದಾಬೋಲಿಮ್‌ನ ನೌಕಾಪಡೆ ವಿಮಾನನೆಲೆ ಐಎನ್‌ಎಸ್ ಹಂಸ ಇವೆ. ಈ ನೆಲೆಗಳಿಗೆ ಬಂದು ಹೋಗುವ ವಿಮಾನಗಳ ರೇಡಿಯೊ ಮಾತುಕತೆ ಈ ತಾಲ್ಲೂಕಿನ ಹೊಲ-ಮನೆಗಳ ಮೇಲಿಂದಲೇ ಹಾದುಹೋಗುತ್ತದೆ. ಅದನ್ನು ಹಿಡಿಯಬಲ್ಲ ಡಿಜಿಟಲ್ ಸ್ಕ್ಯಾನರ್ ಈಗ ಬೇಹುಗಾರರ ಸೊತ್ತಾಗಿ ಉಳಿದಿಲ್ಲ. ಟಿ.ವಿ. ನೋಡಲೆಂದು ಮಾರಾಟವಾಗುತ್ತಿದ್ದ ಪುಟ್ಟ ಯುಎಸ್‌ಬಿ ಸಾಧನವನ್ನೇ ವಿಶಾಲ ವ್ಯಾಪ್ತಿಯ ರೇಡಿಯೊ ಗ್ರಾಹಕವನ್ನಾಗಿ ಬಳಸಬಹುದೆಂಬ ಸಂಗತಿ 2012ರಲ್ಲಿ ಹವ್ಯಾಸಿಗಳಲ್ಲಿ ಪ್ರಚಾರಕ್ಕೆ ಬಂದ ಮೇಲೆ, ಕೆಲವೇ ಸಾವಿರ ರೂಪಾಯಿಗಳಲ್ಲಿ ಒಂದು ಲ್ಯಾಪ್‌ಟಾಪ್ ಸ್ಕ್ಯಾನರ್ ಆಗಬಲ್ಲದು. ಪ್ರಶ್ನೆ ಇಷ್ಟೇ: ಹಾಗೆ ಆಲಿಸುವುದು ಕುತೂಹಲವೋ, ಅಪರಾಧವೋ?

ಉತ್ತರಕ್ಕೆ ಮೊದಲು ತಂತ್ರಜ್ಞಾನವನ್ನು ಅರಿಯಬೇಕು. ನಾಗರಿಕ ವಿಮಾನಗಳ ಮಾತುಕತೆ 118ರಿಂದ 137 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ, ಯಾವ ಗೂಢಲಿಪಿಯೂ ಇಲ್ಲದೆ ನಡೆಯುತ್ತದೆ. ಸೇನಾ ವಿಮಾನಗಳು ಇದರೊಂದಿಗೆ 225ರಿಂದ 400 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನೂ ಬಳಸುತ್ತವೆ. ಈ ತರಂಗಗಳು ಬಹುಮಟ್ಟಿಗೆ ಕಣ್ಣಳತೆಯ ನೇರದಲ್ಲಿಯೇ ಸಾಗುತ್ತವೆ. ಹತ್ತು ಸಾವಿರ ಮೀಟರ್ ಎತ್ತರದ ವಿಮಾನದ ದನಿ ಸುಮಾರು 400 ಕಿ.ಮೀ. ದೂರಕ್ಕೂ ಮುಟ್ಟಬಹುದು. ಆದರೆ 20 ಮೀಟರ್ ಎತ್ತರದ ನಿಯಂತ್ರಣ ಗೋಪುರದ ದನಿ ನೆಲದ ಮೇಲಿರುವ ಕೇಳುಗನಿಗೆ ಇಪ್ಪತ್ತು ಕಿ.ಮೀ. ದಾಟಿ ತಲುಪುವುದೇ ಕಷ್ಟ.

ಮರುಪ್ರಸಾರದ ಸಂಗತಿ ಇಲ್ಲಿಯೇ ಬರುತ್ತದೆ. ಬ್ರಿಟನ್ನಿನಂಥ ದೇಶಗಳ ಕೆಲವು ಸೇನಾ ವಿಮಾನನೆಲೆಗಳಲ್ಲಿ ಗೋಪುರದ ಮಾತನ್ನು ಓಡುದಾರಿಯ ವಾಹನಗಳು, ಅಗ್ನಿಶಾಮಕ ಸಿಬ್ಬಂದಿ ಮುಂತಾದವರ ಕೈಯಲ್ಲಿನ ರೇಡಿಯೊಗಳಿಗೆ ಕೇಳಿಸಲೆಂದು ಮತ್ತೊಂದು ಕಂಪನಾಂಕದಲ್ಲಿ ಮರುಪ್ರಸಾರ ಮಾಡುವ ರೂಢಿಯಿದೆ. ಅಲ್ಲಿನ ಹವ್ಯಾಸಿಗಳು ಸ್ಕ್ಯಾನರ್ ಹಿಡಿದು ಹುಡುಕುವುದು ಇದನ್ನೇ. ಇಂಥ ಮರುಪ್ರಸಾರ ನೆಲೆಯ ಆವರಣಕ್ಕೆಂದೇ ಇರುವ ಅಲ್ಪ ಶಕ್ತಿಯ ಪ್ರಸಾರ. ಅದನ್ನು ಹಿಡಿಯಬೇಕಾದರೆ ಬೇಲಿಯ ಹತ್ತಿರಕ್ಕೇ ಹೋಗಬೇಕು. ಆದ್ದರಿಂದ ಕಲಘಟಗಿಯ ಮನೆಯ ಮಾಳಿಗೆಯಲ್ಲಿ ಕುಳಿತು ಮೇಲೆ ಹಾರುವ ವಿಮಾನದ ದನಿ ಕೇಳುವ ವಿದ್ಯಾರ್ಥಿಯೂ, ಸೇನಾನೆಲೆಯ ಬೇಲಿಗೆ ಆತು ನಿಂತು ಒಳಗಿನ ಮಾತನ್ನು ದಾಖಲಿಸುವವನೂ ಒಂದೇ ಅಲ್ಲ.

ನಮ್ಮ ಕಾನೂನು ಈ ವ್ಯತ್ಯಾಸವನ್ನು ಬಿಡಿಸಿ ಹೇಳುವುದಿಲ್ಲ. 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆಯ ಮೂಲತತ್ವವೇ ಪರವಾನಗಿಯಿಲ್ಲದೆ ನಿಸ್ತಂತು ಸಾಧನವನ್ನು ಹೊಂದಿರಬಾರದು ಎಂಬುದು. 1980ರ ದಶಕದವರೆಗೆ ಮನೆಯ ರೇಡಿಯೊಗೂ ಅಂಚೆ ಕಚೇರಿಯಲ್ಲಿ ವಾರ್ಷಿಕ ಶುಲ್ಕ ಕಟ್ಟಬೇಕಿತ್ತು; ಧಾರವಾಡ ಆಕಾಶವಾಣಿ ಕೇಳುತ್ತ ಬೆಳೆದ ಹಿರಿಯರಿಗೆ ಆ ಪರವಾನಗಿ ಪುಸ್ತಕ ಇನ್ನೂ ನೆನಪಿರಬಹುದು. 1933ರ ಕಾಯ್ದೆ ಪರವಾನಗಿಯಿಲ್ಲದೆ ಸಾಧನ ಹೊಂದಿದ ಮೊದಲ ತಪ್ಪಿಗೆ ವಿಧಿಸಿದ ದಂಡ ಗರಿಷ್ಠ 100 ರೂಪಾಯಿ. ಹಳೆಯ ಕಾಯ್ದೆಗಳ ಬದಲಿಗೆ ರೂಪಿಸಿದ 2023ರ ದೂರಸಂಪರ್ಕ ಕಾಯ್ದೆಯ ಕೆಲವು ಭಾಗಗಳು 2024ರ ಜೂನ್‌ನಲ್ಲಿ ಜಾರಿಗೆ ಬಂದವು. ಅದರ 42ನೇ ಕಲಮಿನ ಪ್ರಕಾರ ಸಂದೇಶವನ್ನು ಕಾನೂನುಬಾಹಿರವಾಗಿ ತಡೆದು ಆಲಿಸಿದರೆ ಮೂರು ವರ್ಷಗಳವರೆಗೆ ಸೆರೆವಾಸ, ಎರಡು ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಬಯಲಿನಲ್ಲಿ ಆಡಿದ ಮಾತು ಕಿವಿಗೆ ಬೀಳುವುದಕ್ಕೂ, ಮುಚ್ಚಿದ ಮಾತನ್ನು ಭೇದಿಸುವುದಕ್ಕೂ ಇರುವ ಅಂತರವನ್ನು ಈ ಕಲಮು ವಿವರಿಸಿಲ್ಲ. ವಿಪರ್ಯಾಸವೆಂದರೆ, ಆಕಾಶ ತರಂಗಗಳು ಸಾರ್ವಜನಿಕ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಸಾರಿದೆ. ಆ ಆಸ್ತಿಯನ್ನು ಸಾರ್ವಜನಿಕರ ಹಿತಕ್ಕಾಗಿ ನಿಯಂತ್ರಿಸಬೇಕೆಂದೂ ಅದೇ ತೀರ್ಪು ಹೇಳಿದೆ ಎಂಬುದನ್ನು ಮರೆಯಲಾಗದು.

ಸರ್ಕಾರದ ಆತಂಕ ಆಧಾರರಹಿತವಲ್ಲ. ರೇಡಿಯೊದ ಶಕ್ತಿಯನ್ನು ನಮ್ಮ ಭಾಗ ಹತ್ತಿರದಿಂದ ಕಂಡಿದೆ. 1955ರಿಂದ 1961ರವರೆಗೆ ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ ಅವರು ಗೋವೆಯ ವಿಮೋಚನೆಗಾಗಿ ಗುಪ್ತ ಬಾನುಲಿ ನಡೆಸಿದರು. ಮೊದಲು ಅಂಬೋಲಿಯ ಕಾಡಿನಿಂದ, ಬಳಿಕ ಉತ್ತರ ಕನ್ನಡದ ಕ್ಯಾಸಲ್ ರಾಕ್‌ನಿಂದ ಅವರು ಪೋರ್ಚುಗೀಸರ ಪ್ರಚಾರಕ್ಕೆ ಉತ್ತರ ಕೊಟ್ಟರು. 1961ರ ಡಿಸೆಂಬರ್ 18ರಂದು ಸಾಂಬ್ರಾದಿಂದ ಹಾರಿದ ವಾಯುಪಡೆಯ ಹಂಟರ್ ವಿಮಾನಗಳ ಗುರಿಯೂ ಗೋವೆಯ ಬಾಂಬೋಲಿಮ್‌ನಲ್ಲಿದ್ದ ನಿಸ್ತಂತು ಕೇಂದ್ರವೇ ಆಗಿತ್ತು. ಯುದ್ಧದಲ್ಲಿ ಶತ್ರುವಿನ ಬಾಯಿ, ಕಿವಿಗಳನ್ನು ಮೊದಲು ಮುಚ್ಚಿಸಬೇಕೆಂಬುದು ಹಳೆಯ ಪಾಠ.

ಆ ಪಾಠ 2025ರಲ್ಲಿ ಮತ್ತೆ ನೆನಪಿಗೆ ಬಂತು. ಪಹಲ್ಗಾಮ್ ದಾಳಿಯ ನಂತರ, ಏಪ್ರಿಲ್ 26ರಂದು ಮಾಹಿತಿ ಮತ್ತು ಪ್ರಸಾರ ಸಚಿವಾಲಯವು ಸೇನಾ ಚಲನವಲನಗಳ ನೇರ ಪ್ರಸಾರ ಬೇಡವೆಂದು ಮಾಧ್ಯಮಗಳಿಗೆ ಸೂಚಿಸಿತು. ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ನಿಯಮ ಮೀರಿ ವಾಕಿಟಾಕಿ ಮಾರುತ್ತಿದ್ದ ಆನ್‌ಲೈನ್ ಮಾರಾಟ ತಾಣಗಳಿಗೆ 13 ನೋಟಿಸುಗಳನ್ನು ನೀಡಿತು. ಆದರೆ ಅದೇ ವರ್ಷ ಫೆಬ್ರವರಿಯಲ್ಲಿ ಕಾರವಾರ ನೌಕಾನೆಲೆಯ ಮಾಹಿತಿ ಸೋರಿಕೆ ಆರೋಪದ ಮೇಲೆ ರಾಷ್ಟ್ರೀಯ ತನಿಖಾ ದಳವು ಇಬ್ಬರನ್ನು ಬಂಧಿಸಿದ ಪ್ರಕರಣವನ್ನು ಗಮನಿಸಿ. ಅಲ್ಲಿನ ಆರೋಪ ಸ್ಕ್ಯಾನರ್‌ಗೆ ಸಂಬಂಧಿಸಿದ್ದಲ್ಲ. ಸಾಮಾಜಿಕ ಜಾಲತಾಣದ ಸ್ನೇಹದ ಬಲೆಗೆ ಬಿದ್ದು ಮಾಹಿತಿ ರವಾನಿಸಿದರೆಂಬುದು. ಅಪಾಯ ಕೇಳುವ ಕಿವಿಗಿಂತ ಹೆಚ್ಚಾಗಿ ದಾಟಿಸುವ ಕೈಯಲ್ಲಿದೆ.

ಬೇರೆ ದೇಶಗಳು ಈ ಗೆರೆಯನ್ನು ಬೇರೆ ಬೇರೆ ಕಡೆ ಎಳೆದಿವೆ. ಅಮೆರಿಕದ 1986ರ ಕಾನೂನು ವಿಮಾನಯಾನದ ರೇಡಿಯೊ ಸಂಭಾಷಣೆ ಆಲಿಸುವುದನ್ನು ಅಪರಾಧದ ಪಟ್ಟಿಯಿಂದ ಹೊರಗಿಟ್ಟಿದೆ. ಬ್ರಿಟನ್ನಿನಲ್ಲಿ ಸ್ಕ್ಯಾನರ್ ಕೊಳ್ಳಬಹುದು. ಆದರೆ ತನಗಲ್ಲದ ಸಂದೇಶವನ್ನು ಉದ್ದೇಶಪೂರ್ವಕವಾಗಿ ಆಲಿಸುವುದೂ, ಅದರ ವಿವರವನ್ನು ಬಯಲು ಮಾಡುವುದೂ 2006ರ ಕಾಯ್ದೆಯ ಪ್ರಕಾರ ಅಪರಾಧ. ಭಾರತದ ತತ್ವ ಇನ್ನೂ ಹಿಂದಿನ ಹೆಜ್ಜೆಯಲ್ಲಿ, ಅಂದರೆ ಸಾಧನ ಕೈಗೆ ಬರುವಲ್ಲಿಯೇ, ತಡೆಯುವುದು.

ನಮ್ಮಲ್ಲಿ ನ್ಯಾಯಸಮ್ಮತ ದಾರಿಯೊಂದು ಇದೆ. 12 ವರ್ಷ ತುಂಬಿದವರು ಪರೀಕ್ಷೆ ಬರೆದು ಹವ್ಯಾಸಿ ರೇಡಿಯೊ, ಅಂದರೆ ಹ್ಯಾಮ್, ಪರವಾನಗಿ ಪಡೆಯಬಹುದು. ಈ ಪರವಾನಗಿ ಸೇನೆಯ ಮಾತನ್ನು ಆಲಿಸಲು ರಹದಾರಿಯಲ್ಲ. ಆದರೆ ತರಂಗಗಳ ವಿಜ್ಞಾನವನ್ನು ಕಾನೂನಿನ ನೆರಳಿನಲ್ಲಿ ಕಲಿಯಲು, ಪ್ರವಾಹ-ಭೂಕಂಪಗಳಲ್ಲಿ ಮೊಬೈಲ್ ಗೋಪುರಗಳು ಕೈಕೊಟ್ಟಾಗ ನೆರವಾಗಲು ಅದೇ ಮೆಟ್ಟಿಲು. ತೊಂದರೆಯೆಂದರೆ, ಐನೂರು ರೂಪಾಯಿಯ ಆಂಟೆನಾ ಮನೆಬಾಗಿಲಿಗೆ ಬರುವಷ್ಟು ಸುಲಭವಾಗಿ ಪರವಾನಗಿಯ ತಿಳಿವಳಿಕೆ ಗ್ರಾಮೀಣ ಕಾಲೇಜುಗಳಿಗೆ ಬರುವುದಿಲ್ಲ.

ಆದ್ದರಿಂದ ಆಗಬೇಕಾದದ್ದು ನಾಲ್ಕು. ಕೇವಲ ಕೇಳುವ ಸಾಧನಗಳಿಗೆ ಸರಳವಾದ ಪ್ರತ್ಯೇಕ ನೋಂದಣಿ ಇರಲಿ. ಕೇಳಿದ್ದನ್ನು ಧ್ವನಿಮುದ್ರಿಸಿ ಹರಡುವುದಕ್ಕೆ, ಅದರಲ್ಲೂ ಯುದ್ಧದ ಸಂದರ್ಭದಲ್ಲಿ, ಕಠಿಣ ಶಿಕ್ಷೆಯಿರಲಿ. ಹ್ಯಾಮ್ ಪರೀಕ್ಷೆ ಹುಬ್ಬಳ್ಳಿ-ಧಾರವಾಡದ ತಾಂತ್ರಿಕ ಕಾಲೇಜುಗಳ ಅಂಗಳದಲ್ಲಿಯೇ ನಿಯತವಾಗಿ ನಡೆಯಲಿ. ರಕ್ಷಣಾ ಪಡೆಗಳು ಗುಟ್ಟಾಗಿರಬೇಕಾದ ಮಾತನ್ನು ಗೂಢಲಿಪಿಯಲ್ಲೇ ಆಡಲಿ. ಗಡಿಯಾಚೆಯ ಶತ್ರುವಿನ ಕೈಯಲ್ಲಿರುವುದು ವಿದ್ಯಾರ್ಥಿಯ ಪುಟ್ಟ ಗ್ರಾಹಕವಲ್ಲ. ನಮ್ಮ ಕಾನೂನು ಅವನ ಕಿವಿಯನ್ನು ಮುಚ್ಚಲಾರದು. ಅವನಿಂದ ದೇಶವನ್ನು ಕಾಯುವುದು ಗೂಢಲಿಪಿಯೇ ಹೊರತು, ಕಲಘಟಗಿಯ ಹುಡುಗನ ಮೇಲೆ ಹೂಡಿದ ಮೊಕದ್ದಮೆಯಲ್ಲ. ಅಲ್ಲಿಯವರೆಗೆ ಕಾನೂನು ಇರುವುದು ಹೀಗೆ, ಶಿಕ್ಷೆ ಇಷ್ಟು ಎಂಬುದನ್ನು ಸ್ಕ್ಯಾನರ್ ಕೊಳ್ಳುವ ಮುನ್ನವೇ ತಿಳಿದುಕೊಳ್ಳುವುದು ಕುತೂಹಲಿಗಳಿಗೆ ಕ್ಷೇಮ.